ನನ್ನ ಒಪ್ಪಿಗೆ ಸೀರೆಯನ್ನು ಫೋನಿನಲ್ಲಿ ಹುಡುಕಿದವರು

ಒಪ್ಪಿಗೆ ಶಾಸ್ತ್ರ ನಡೆದದ್ದು ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ. ಗಂಡಿನ ಕಡೆಯವರು ಚಾಮರಾಜನಗರದಿಂದ ವ್ಯಾನು ಮಾಡಿಕೊಂಡು ಬಂದಿದ್ದರು. ಗಂಡಿನ ತಾಯಿ ತಂದ ಸೀರೆಯನ್ನು ಹುಡುಗಿ ಉಟ್ಟುಕೊಂಡು ಬಂದು ಎಲ್ಲರೆದುರು ಕೂತರೆ ನಮ್ಮಲ್ಲಿ ಮಾತು ಗಟ್ಟಿಯಾದ ಹಾಗೆ. ಅಷ್ಟೇ ಆಗಬೇಕಾಗಿದ್ದದ್ದು. ಅದು ಅಷ್ಟಕ್ಕೇ ಮುಗಿಯದೆ ಹೋದದ್ದಕ್ಕೆ ನನ್ನ ದೊಡ್ಡವ್ವನ ಕೈಯಲ್ಲಿದ್ದ ಫೋನು ಕಾರಣ. ಫೋನಿಗೆ ಬಾಯಿಲ್ಲ ಎಂದು ಅದನ್ನು ಬಿಟ್ಟುಬಿಡಲು ನನಗೆ ಇವತ್ತಿಗೂ ಮನಸ್ಸಿಲ್ಲ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ದೊಡ್ಡಪ್ಪ ಜಮೀನು ನೋಡಿಕೊಂಡರೆ ಊಟಿ ರಸ್ತೆಯ ತರಕಾರಿ ಮಂಡಿಯನ್ನು ನಡೆಸುವವಳು ಅವಳು. ಕೇರಳದ ಲಾರಿಗಳಿಗೆ ಬೀನ್ಸು, ಬೀಟ್‌ರೂಟು, ಕೋಸು ತುಂಬಿಸುತ್ತಾಳೆ. ಮಲಯಾಳಿ ವ್ಯಾಪಾರಿಗಳ ಜೊತೆ ಅವರ ಮಾತಿನಲ್ಲೇ ಜಗಳವಾಡುತ್ತಾಳೆ. ಅತ್ತ ಕಡೆ ಬೀನ್ಸಿನ ಬೆಲೆ ಬಿದ್ದುಹೋಗಿದೆ ಎಂದು ಒಬ್ಬ ಲಾರಿಯವನು ಹೇಳಿದಾಗ ಅವಳು ಅವನ ಎದುರೇ ಫೋನಿನಲ್ಲಿ ಹುಡುಕಿ ಅವನ ಸುಳ್ಳನ್ನು ಹಿಡಿದಿದ್ದಳು. ಅಂದಿನಿಂದ ಅವಳಿಗೆ ಫೋನೇ ದೊಡ್ಡ ಸಾಕ್ಷಿ. ಅಂಗಡಿಗೆ ಹೋದರೆ ಕುಕ್ಕರಿನ ಮುಂದೆ ಹಿಡಿಯುವಳು, ಟಾರ್ಪಾಲಿನ ಮುಂದೆ ಹಿಡಿಯುವಳು. ಫೋಟೋ ತೆಗೆದರೆ ಸಾಕು, ಅದೇ ತರಹದ ವಸ್ತುಗಳು ಬೆಲೆಯ ಸಮೇತ ಸಾಲಾಗಿ ಬರುತ್ತಿದ್ದವು. ಮೊದಲ ಸಾಲಿನ ಬೆಲೆಯನ್ನು ಅಂಗಡಿಯವನ ಮುಖಕ್ಕೆ ಹಿಡಿದು, "ಇದ್ಕ್ ಏನಂತಿಯ?" ಎಂದು ಕೇಳುವುದು ಅವಳಿಗೆ ಊಟದಷ್ಟೇ ರುಚಿ.

ಅತ್ತೆ ತಂದ ಸೀರೆ ಎಲೆ ಹಸಿರಿನದು. ನೇರಳೆ ಅಂಚು, ಸೆರಗಿನ ತುಂಬ ನವಿಲು. ಒಳಕೋಣೆಯಲ್ಲಿ ನಾನು ರವಿಕೆ ತೊಟ್ಟು ನಿಂತಿದ್ದೆ. ಅವ್ವ ನೆರಿಗೆ ಹಿಡಿಯಲು ಕಾಯುತ್ತಿದ್ದಳು. ದೊಡ್ಡವ್ವ ಸೀರೆಯನ್ನು ತಟ್ಟೆಯಿಂದ ಎತ್ತಿ, ಸೆರಗನ್ನು ಮಂಚದ ಮೇಲೆ ಹರಡಿ, ಬಗ್ಗಿ ಫೋಟೋ ತೆಗೆದಳು. ಇಷ್ಟವಾಗಿ ತೆಗೆದುಕೊಂಡಳೆಂದು ನಾನು ಅಂದುಕೊಂಡೆ. ಅವಳು ಕಿಟಕಿಯ ಬೆಳಕಿಗೆ ಹೋಗಿ ನಿಂತಳು. ಮುಖ ಬಿಗಿಯಾಯಿತು.

"ಇಲ್ ನೋಡು," ಎಂದು ಅವ್ವನನ್ನು ಕರೆದಳು. "ಇದೇ ಸೀರೆ ಕಣೆ. ಇದೇ ನವ್ಲು, ಇದೇ ಅಂಚು. ಒಂದ್ ಜೊತೆ ಚಪ್ಪಲಿ ಬೆಲೆಗೆ ಮನೆ ಬಾಗ್ಲಿಗೆ ತಂದ್ಕೊಡ್ತರಂತ."

"ಮೆತ್ಗೆ ಮಾತಾಡಕ್ಕ, ಆಚೆ ಕೂತವ್ರೆ," ಎಂದಳು ಅವ್ವ. "ಇವತ್ತೊಂದಿನ ಬುಟ್ಬುಡು."

"ಯಾಕ್ ಬುಡ್ಲಿ? ಕೂಸ ಕೊಡೋರು ನಾವು. ರೇಸ್ಮೆ ಅಂತ ಯೋಳಿ ಇದ ತಂದ್ರೆ, ನಾಳೆ ಇನ್ನೇನ್ ಮಾಡಾರು?"

ಅಷ್ಟರಲ್ಲಿ ಅವ್ವ ಸೀರೆಯನ್ನು ನನ್ನ ಸೊಂಟಕ್ಕೆ ಸುತ್ತಲು ಶುರುಮಾಡಿದ್ದಳು. ಮೈಗೆ ತಣ್ಣಗೆ ಹತ್ತಿತು. ಹೆಗಲ ಮೇಲೆ ಸೆರಗು ಬಿದ್ದಾಗ ಅದರ ಭಾರ ಗೊತ್ತಾಯಿತು.

"ದೊಡ್ಡವ್ವ, ಇದು ಭಾರ ಅದ," ಎಂದೆ.

"ಗಂಜಿ ಹಾಕವ್ರೆ," ಎಂದಳು.

ಅವ್ವ ಅವಳ ಕೈಹಿಡಿದು ಬೇಡಿಕೊಂಡಳು. ದೊಡ್ಡವ್ವ ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ನಡುಮನೆಯಲ್ಲಿ ಅತ್ತೆ ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದರು. ಎತ್ತರದ ಹೆಂಗಸು, ಹಣೆಯಲ್ಲಿ ವಿಭೂತಿ. ಬಹಳ ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸಿದವರು. ಪ್ರತಿಯೊಂದು ಅಕ್ಷರವನ್ನೂ ಬಿಡಿಸಿ ಮಾತನಾಡುವ ರೂಢಿ ಅವರಿಗೆ ಆಗಿನಿಂದಲೇ ಅಂಟಿಕೊಂಡಿತ್ತು. ನಾನು ಬಂದು ನಿಂತಾಗ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನಮ್ಮವರ ಕಡೆ ತಿರುಗಿ, "ಸೀರೆ ಒಪ್ತಾ ಕೂಸ್ಗೆ?" ಎಂದು ಕೇಳಿದರು.

ಉತ್ತರ ಹೇಳಬೇಕಾದವಳು ಅವ್ವ. ಹೇಳಿದವಳು ದೊಡ್ಡವ್ವ.

"ಒಪ್ದೆ ಏನು? ಊರೆಲ್ಲಾ ಒಪ್ಪವ್ರೆ. ನೋಡಿ, ಸಾವ್ರಾರು ಜನ ಕೊಂಡವ್ರಂತ." ಫೋನನ್ನು ಮುಂದೆ ಚಾಚಿದಳು.

ಮೊದಲು ಅದನ್ನು ತೆಗೆದುಕೊಂಡದ್ದು ಗಂಡಿನ ಕಡೆಯ ಒಬ್ಬ ಹೆಂಗಸು. ಅವರು ಪಕ್ಕದವರಿಗೆ ಕೊಟ್ಟರು. ಅವರು ಇನ್ನೊಬ್ಬರಿಗೆ. ಎಲೆ ಅಡಿಕೆ ತಟ್ಟೆ ಹೋದ ಹಾಗೆ ಫೋನು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಫೋನು ನೋಡುವರು, ತಲೆಯೆತ್ತಿ ನನ್ನ ಸೆರಗು ನೋಡುವರು, ಮತ್ತೆ ಫೋನು ನೋಡುವರು. ನನ್ನ ಮುಖವನ್ನು ಯಾರೂ ನೋಡಲಿಲ್ಲ. ಮದುವೆಯಾಗಬೇಕಾದ ಹುಡುಗ ಯಾರದೋ ಕರೆ ಬಂದಂತೆ ಎದ್ದು ಜಗಲಿಗೆ ಹೋದರು. ಕರೆ ಬಂದಿರಲಿಲ್ಲ. ಅವರ ಫೋನು ಚಾಪೆಯ ಮೇಲೇ ಇತ್ತು.

ಅತ್ತೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿ, ಫೋನನ್ನು ದೊಡ್ಡವ್ವನಿಗೆ ವಾಪಸು ಕೊಟ್ಟರು.

"ದೊಡ್ಡಂಗಡಿ ಬೀದೀಲಿ ಒಂದ್ ದಿನ ಪೂರ್ತಿ ಕೂತು ಆರಿಸ್ದ ಸೀರೆ ಇದು. ನಿಮ್ ಫೋನ್‌ಗೆ ಮುಟ್ಟಿ ನೋಡಕ್ಕೆ ಬತ್ತದ?"

"ಫೋನು ಸುಳ್ ಯೋಳಕಿಲ್ಲ ಬುಡಿ."

"ನಾನ್ ಯೋಳ್ತೀನ?"

ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನೋರು ಕೆಮ್ಮಿ, ಹೊತ್ತು ಮೀರುತ್ತದೆ ಎಂದರು. ಅಪ್ಪ ಎದ್ದು ಕೈಮುಗಿದ. ಗಂಡಿನ ತಂದೆ, ಅಂದರೆ ನನ್ನ ಮಾವ, ಮಾತು ಕಡಿಮೆಯ ಮನುಷ್ಯ, "ಆಗ್ಲಿ ಆಗ್ಲಿ, ಮುಂದ್ವರಿಸಿ," ಎಂದರು. ನನ್ನನ್ನು ಕೂರಿಸಿ ಮಡಿಲು ತುಂಬಿದರು. ಅಕ್ಕಿ ಹಾಕುವಾಗ ಅತ್ತೆಯ ಬೆರಳು ನನ್ನ ಕೈಗೆ ತಾಗಿತು. ಕಬ್ಬಿಣದ ಹಾಗಿತ್ತು. ಅವರು ನಮ್ಮ ಮನೆಯಲ್ಲಿ ಪಾಯಸ ಮುಟ್ಟಲಿಲ್ಲ.

ಆವತ್ತೇ ಆ ಸಂಬಂಧ ಮುರಿದಿದ್ದರೆ ನಾನು ಅಳುತ್ತಿರಲಿಲ್ಲ. ಮುರಿಯಲಿಲ್ಲ. ಹುಡುಗ ಮರುದಿನ ಫೋನು ಮಾಡಿ, "ಅಮ್ಮಂಗೆ ಬೇಜಾರಾಗಿದೆ, ಸರಿಹೋಗ್ತಾರೆ," ಎಂದರು. ನನಗೆ ಬೇಜಾರಾಗಿದೆಯೇ ಎಂದು ಅವರು ಕೇಳಲಿಲ್ಲ. ಹೀಗೆ ನನ್ನ ಮದುವೆಯಾಯಿತು.

ಚಾಮರಾಜನಗರದ ಆ ಮನೆಗೆ ನಾನು ಕಾಲಿಟ್ಟಾಗ ಅತ್ತೆಯ ಕೈಗೂ ಫೋನು ಬಂದಿತ್ತು. ಮಗ ಬಿಟ್ಟ ಹಳೆಯ ಫೋನು. ಅಲ್ಲಿಯವರೆಗೆ ಅದರಲ್ಲಿ ಮಾತನಾಡುವುದಷ್ಟೇ ಅವರಿಗೆ ಬೇಕಾಗಿತ್ತು. ಒಪ್ಪಿಗೆಯ ದಿನದಿಂದ ಮದುವೆಯವರೆಗೆ ಅವರು ಅದರಲ್ಲಿ ಹುಡುಕುವುದನ್ನು ಕಲಿತಿದ್ದರು. ಬೆರಳಿನಲ್ಲಿ ಬರೆಯುತ್ತಿರಲಿಲ್ಲ. ಮೈಕಿನ ಚಿತ್ರ ಒತ್ತಿ, ಅಂಗನವಾಡಿಯ ಮಕ್ಕಳಿಗೆ ಹೇಳಿಕೊಡುವ ದನಿಯಲ್ಲಿ, "ಕಬ್ಬಿಣದ ಬೀರು. ಎರಡು ಬಾಗಿಲು. ಕನ್ನಡಿ ಇರುವುದು," ಎನ್ನುವರು. ನಮ್ಮ ಅಪ್ಪ ಕೊಟ್ಟ ಬೀರು ಅದು. ನಮ್ಮ ಅಪ್ಪ ಕೊಟ್ಟ ಮಿಕ್ಸಿ, ನಮ್ಮ ಅಪ್ಪ ಕೊಟ್ಟ ಮಂಚ, ಒಂದೊಂದನ್ನೂ ಅವರು ಅದೇ ದನಿಯಲ್ಲಿ ಫೋನಿಗೆ ಒಪ್ಪಿಸಿದರು.

ಬೆಲೆ ಅವರಿಗೆ ಮುಖ್ಯವಾಗಿರಲಿಲ್ಲ. ಕೊಂಡವರು ಬರೆದ ಮಾತುಗಳು ಬೇಕಾಗಿದ್ದವು. ಅದರಲ್ಲೂ ಐದರಲ್ಲಿ ಒಂದೇ ನಕ್ಷತ್ರ ಕೊಟ್ಟವರ ಮಾತು. ಮಧ್ಯಾಹ್ನ ಊಟವಾದ ಮೇಲೆ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು, ನಾನು ಪಾತ್ರೆ ತೊಳೆದು ಬರುವುದನ್ನೇ ಕಾದು, ಫೋನನ್ನು ನನ್ನ ಕೈಗಿಡುತ್ತಿದ್ದರು.

"ಓದಮ್ಮಿ."

"ನೀವೇ ಓದಿ ಅತ್ತೆ, ನಿಮ್ಗೆ ಓದಕ್ಕೆ ಬತ್ತದಲ್ಲ."

"ಕಣ್ ಮಂಜು. ನೀನ್ ಓದು."

ಕಣ್ಣು ಮಂಜಾಗಿರಲಿಲ್ಲ. ಬೆಳಿಗ್ಗೆ ಅದೇ ಕನ್ನಡಕದಲ್ಲಿ ಪೇಪರನ್ನು ಪೂರ್ತಿ ಓದುತ್ತಿದ್ದರು. ನಾನು ಓದಿದೆ. ಯಾರೋ ಬರೆದಿದ್ದ: ಮೂರೇ ತಿಂಗಳಿಗೆ ಬೀರುವಿನ ಬಾಗಿಲು ಜೋತುಬಿತ್ತು. ಇನ್ನೊಬ್ಬಳು ಬರೆದಿದ್ದಳು: ಬಣ್ಣ ಉದುರುತ್ತದೆ, ದಯವಿಟ್ಟು ಯಾರೂ ಕೊಳ್ಳಬೇಡಿ. ಮತ್ತೊಬ್ಬರು: ಮಗಳ ಮದುವೆಗೆ ಕೊಟ್ಟು ಮರ್ಯಾದೆ ಹೋಯಿತು. ಈ ಕೊನೆಯದನ್ನು ನಾನು ಹಾರಿಸಿದೆ.

"ಇನ್ನೊಂದು ಅದಲ್ಲ, ಕೆಳಗಡೆ," ಎಂದರು ಅತ್ತೆ. ಅವರು ಮೊದಲೇ ಓದಿಟ್ಟುಕೊಂಡಿದ್ದರು.

ಅದು ನಮ್ಮ ಬೀರುವಲ್ಲ. ನಮ್ಮದು ಮೈಸೂರಿನಲ್ಲಿ ಮಾಡಿಸಿದ್ದು. ಫೋನಿನಲ್ಲಿದ್ದದ್ದು ಎಲ್ಲಿಯದೋ. ನೋಡಲು ಒಂದೇ ತರಹ ಇತ್ತು, ಅಷ್ಟೆ. ನಾನು ಇದನ್ನು ಹೇಳಿದಾಗ ಅವರು ತಲೆಯಾಡಿಸಿ, "ನನ್ ಸೀರೇನೂ ಅಂಗೇ ಅಲ್ವ," ಎಂದರು. ಅದಕ್ಕೆ ಉತ್ತರ ಕೊಡಬೇಕಾದವಳು ಗುಂಡ್ಲುಪೇಟೆಯಲ್ಲಿದ್ದಳು. ಅವಳ ತಪ್ಪಿಗೆ ನಾನು ದಿನವೂ ಮಧ್ಯಾಹ್ನ ಓದುತ್ತಿದ್ದೆ.

ಗಂಡನಿಗೆ ಹೇಳಿದೆ. "ಅಮ್ಮಂಗೆ ಏನೋ ಕುತೂಹಲ, ಬಿಡು," ಎಂದರು. ಆಮೇಲೆ, ಸಮಾಧಾನ ಮಾಡುವವರ ಹಾಗೆ, "ಅವತ್ತು ನಿಮ್ ದೊಡ್ಡವ್ವ ತೋರ್ಸಿದ್ದು ಕೂಡ ಏನೂ ಅಲ್ಲ. ಹುಡುಕಿದಾಗ ಮೇಲ್ಗಡೆ ಬರೋದು ದುಡ್ಡು ಕೊಟ್ಟು ಬರ್ಸಿರೋದು. ಸಣ್ಣಕ್ಷರದಲ್ಲಿ ಜಾಹೀರಾತು ಅಂತ ಬರ್ದಿರ್ತಾರೆ," ಎಂದರು.

"ಅವತ್ತು ನಿಮ್ಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ಯೋಳ್ಬೋದಿತ್ತಲ್ಲ."

ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಜಗಲಿಗೆ ಹೋಗುವುದು ಅವರಿಗೆ ಎಲ್ಲ ಮನೆಯಲ್ಲೂ ರೂಢಿ.

ಆ ಸಂಜೆ ನಾನೇ ಮದುವೆ ಆಲ್ಬಮಿನಿಂದ ಒಪ್ಪಿಗೆಯ ಫೋಟೋ ಹುಡುಕಿ ತೆಗೆದು, ಅದರ ಮುಂದೆ ನನ್ನ ಫೋನು ಹಿಡಿದೆ. ಹಸಿರು ಸೀರೆಗಳು ಬಂದವು. ಮೊದಲ ಸಾಲಿನ ತಲೆಯ ಮೇಲೆ, ಇರುವೆಯಷ್ಟು ಸಣ್ಣದಾಗಿ, ಗಂಡ ಹೇಳಿದ ಆ ಪದ ಇತ್ತು. ಕೆಳಗೆ ಎಳೆಯುತ್ತ ಹೋದೆ. ಬಹಳ ಕೆಳಗೆ ಅದೇ ಎಲೆ ಹಸಿರು, ಅದೇ ನವಿಲು, ಆದರೆ ನೇಯ್ದದ್ದು, ಅಪ್ಪಟ ರೇಷ್ಮೆ. ಅದರ ಬೆಲೆಗೆ ಮೇಲಿನ ಸಾಲಿನ ಸೀರೆಗಳನ್ನು ಬೀರುವಿನ ತುಂಬ ತುಂಬಬಹುದಿತ್ತು. ಎರಡೂ ಒಂದೇ ಹುಡುಕಾಟಕ್ಕೆ ಸಿಕ್ಕ ಉತ್ತರಗಳು. ದೊಡ್ಡವ್ವನ ಬೆರಳು ಮೇಲಿನ ಸಾಲಿನಲ್ಲೇ ನಿಂತುಬಿಟ್ಟಿತ್ತು.

ಕೂಡಲೇ ಅವಳಿಗೆ ಫೋನು ಮಾಡಿ ಹೇಳಿದೆ. ಮಂಡಿಯಲ್ಲಿ ಲಾರಿಗೆ ಮೂಟೆ ಎಸೆಯುವ ಸದ್ದು ಕೇಳುತ್ತಿತ್ತು.

"ಅಷ್ಟ್ ಕೆಳಗಿರೋದ ಯಾರ್ ನೋಡ್ತರ?" ಎಂದಳು. "ದಿಟ ಆಗಿದ್ರೆ ಮೇಲ್ ಇಡ್ತಿದ್ರು."

"ದುಡ್ ಕೊಟ್ಟೋರ್ದು ಮೇಲ್ ಬತ್ತದಂತ ದೊಡ್ಡವ್ವ."

"ನಿಮ್ಮತ್ತೆ ಯೋಳ್ಕೊಟ್ಳಾ?"

ನಾನು ಫೋನು ಇಟ್ಟೆ. ಆ ಯಂತ್ರದ ಮೇಲೆ ನನಗೆ ಹಗೆ ಹುಟ್ಟಿದ್ದು ಆಗ. ಕೇಳಿದವರಿಗೆಲ್ಲ ಅದು ಅವರಿಗೆ ಬೇಕಾದದ್ದನ್ನು ಕೊಟ್ಟು ಕಳಿಸುತ್ತದೆ. ದೊಡ್ಡವ್ವನಿಗೆ ಅಗ್ಗದ ಸೀರೆ ಬೇಕಾಗಿತ್ತು, ಕೊಟ್ಟಿತು. ಅತ್ತೆಗೆ ಜೋತುಬಿದ್ದ ಬಾಗಿಲು ಬೇಕಾಗಿತ್ತು, ಅದನ್ನೂ ಕೊಟ್ಟಿತು. ಅಂಗಡಿಯವನಾದರೆ ಎದುರು ವಾದಿಸುತ್ತಾನೆ, ಮುನಿಸಿಕೊಳ್ಳುತ್ತಾನೆ, ಬೇಕಾದರೆ ಕೊಳ್ಳಿ ಇಲ್ಲವಾದರೆ ಬಿಡಿ ಎನ್ನುತ್ತಾನೆ. ಇದು ಯಾರಿಗೂ ಎದುರಾಡುವುದಿಲ್ಲ.

ನಾನು ಬಸುರಿಯಾದೆ. ಏಳನೇ ತಿಂಗಳಲ್ಲಿ ಬಳೆ ತೊಡಿಸುವ ಶಾಸ್ತ್ರಕ್ಕೆ ಗುಂಡ್ಲುಪೇಟೆಯಿಂದ ನಮ್ಮವರೆಲ್ಲ ಬರಬೇಕಾಗಿತ್ತು. ಅದಕ್ಕೆ ಕೆಲವು ದಿನ ಮುಂಚೆ ಅತ್ತೆ ಆಲ್ಬಮು ಕೇಳಿ ತೆಗೆದುಕೊಂಡರು. ಒಪ್ಪಿಗೆಯ ಫೋಟೋ ಮುಂದೆ ಫೋನು ಹಿಡಿದು, ಮೊದಲ ಸಾಲಿನ ಮೊದಲ ಸೀರೆಯನ್ನು ಮಗನ ಫೋನಿನಿಂದ ಆರ್ಡರ್ ಮಾಡಿಸಿದರು. ಯಾಕೆಂದು ಮಗ ಕೇಳಲಿಲ್ಲ. ಅವರು ಯಾವತ್ತೂ ಕೇಳುವವರಲ್ಲ.

ಪಾರ್ಸೆಲ್ ಬಂದಾಗ ಅತ್ತೆ ಅದನ್ನು ಈಳಿಗೆಮಣೆಯ ಮೇಲೆ ಕುಯ್ದು ಬಿಚ್ಚಿದರು. ಸೀರೆ ಹೊರಗೆ ಬಂದಾಗ ಸದ್ದಾಯಿತು, ಪ್ಲಾಸ್ಟಿಕ್ ಕವರಿನ ಸದ್ದು. ಅಂಚು ನೇಯ್ದದ್ದಲ್ಲ, ಅಚ್ಚೊತ್ತಿದ್ದು. ನವಿಲುಗಳ ಕೊಕ್ಕು ಅರ್ಧರ್ಧ ಅಳಿಸಿತ್ತು. ಹಿಡಿದರೆ ಆಚೆ ಕಡೆಯ ಬೆರಳು ಕಾಣುತ್ತಿತ್ತು. ಅತ್ತೆಯ ಮುಖದಲ್ಲಿ ನಾನು ಆ ಮನೆಗೆ ಬಂದಮೇಲೆ ಮೊದಲ ಸಲ ಸಂತೋಷ ಕಂಡೆ. ಅದನ್ನು ಇಸ್ತ್ರಿಗೆ ಕೊಟ್ಟು, ಹೊಸ ಕವರಿನಲ್ಲಿ ಮಡಿಸಿ, ಮೇಲೆ ಎಲೆ ಅಡಿಕೆ ಇಡುವಷ್ಟು ಅಂದವಾಗಿ ಜೋಡಿಸಿಟ್ಟರು.

"ಯಾರ್ಗತ್ತೆ ಇದು?"

"ಬೇಕಾದೋರ್ಗೆ."

ನಾನು ಅವ್ವನಿಗೆ ಫೋನು ಮಾಡಿ ಹೇಳಿದೆ. ಅವ್ವ, "ನಿನ್ ದೊಡ್ಡವ್ವಂಗೆ ಈಗ್ಲೇ ಯೋಳುದ್ರೆ ಅವ್ಳು ಇವತ್ತೇ ಬಸ್ ಹತ್ಕೊಂಡ್ ಬಂದು ಜಗ್ಳ ತೆಗೀತಳೆ. ಆದಾಗ ಆಯ್ತದ, ಬುಡು," ಎಂದಳು.

ಶಾಸ್ತ್ರದ ದಿನ ಮನೆ ತುಂಬಿತ್ತು. ನನ್ನನ್ನು ಮಣೆಯ ಮೇಲೆ ಕೂರಿಸಿ ಎರಡು ಕೈಗೂ ಹಸಿರು ಬಳೆ ತೊಡಿಸಿದರು. ಬೆನ್ನು ನೋಯುತ್ತಿತ್ತು, ಕಾಲು ಊದಿತ್ತು. ಬಂದವರಿಗೆ ಉಡುಗೊರೆ ಕೊಡುವ ಹೊತ್ತಿಗೆ ಅತ್ತೆ ಅವ್ವನಿಗೆ ಒಂದು ಒಳ್ಳೆಯ ಸೀರೆ ಕೊಟ್ಟರು. ಆಮೇಲೆ ದೊಡ್ಡವ್ವನನ್ನು ಕರೆದು, ಕುಂಕುಮ ಇಟ್ಟು, ಆ ಕವರನ್ನು ತಟ್ಟೆಯ ಸಮೇತ ಎರಡು ಕೈಯಲ್ಲಿ ಕೊಟ್ಟರು. ದೊಡ್ಡವ್ವ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅಷ್ಟು ಜನರೆದುರು ಸಿಕ್ಕ ಮರ್ಯಾದೆಗೆ ಅವಳ ಮುಖ ಸ್ವಲ್ಪ ಸಡಿಲವಾಗಿತ್ತು. ಅದನ್ನು ನೋಡಲು ನನಗೆ ಆಗಲಿಲ್ಲ.

"ಬಿಚ್ಚಿ ನೋಡಿ ಅಕ್ಕ," ಎಂದರು ಅತ್ತೆ. "ನೀವೇ ಹುಡ್ಕಿದ್ದು. ಸಾವ್ರಾರು ಜನ ಕೊಂಡವ್ರಂತ ನೀವ್ ಯೋಳಿದ್ರಲ್ಲ, ನಾನೂ ಕೊಂಡೆ."

ದೊಡ್ಡವ್ವ ಬಿಚ್ಚಿದಳು. ಸದ್ದಾಯಿತು. ಬೆರಳಿನಿಂದ ಅಂಚನ್ನು ಉಜ್ಜಿ ನೋಡಿದಳು. ತರಕಾರಿಯನ್ನು ಹಾಗೆ ಉಜ್ಜಿ ನೋಡುವವಳು ಅವಳು. ಏನು ಎತ್ತ ಎಂದು ಅವಳಿಗೆ ಒಂದೇ ಕ್ಷಣದಲ್ಲಿ ಗೊತ್ತಾಯಿತು. ಒಪ್ಪಿಗೆಯ ದಿನ ಫೋನು ನೋಡಿದ್ದ ಹೆಂಗಸರಲ್ಲಿ ಅರ್ಧ ಜನ ಅಲ್ಲೇ ಕೂತಿದ್ದರು. ಒಬ್ಬಳು ಬಾಯಿಗೆ ಸೆರಗು ಹಿಡಿದು ನಕ್ಕಳು.

ಅವಳು ತಟ್ಟೆಯನ್ನು ಬಿಸಾಡುತ್ತಾಳೆ ಎಂದುಕೊಂಡೆ. ಬಿಸಾಡಲಿಲ್ಲ. ಎದ್ದು ಸೀರೆ ಹಿಡಿದುಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಅದನ್ನೇ ಉಟ್ಟಿದ್ದಳು. ಸೆರಗು ಹೊದ್ದು, ತಲೆ ನೇರ ಇಟ್ಟುಕೊಂಡು, ಊಟದ ಪಂಕ್ತಿಯ ಮೊದಲ ಎಲೆಗೆ ಹೋಗಿ ಕೂತಳು.

"ಚಂದಾಗದ," ಎಂದಳು. "ಬಡ್ಸಿ."

ಬಡಿಸಬೇಕಾದವರು ಅತ್ತೆ. ಬಡಿಸಿದರು. ಅವಳು ಒಂದೊಂದನ್ನೂ ಕೇಳಿ ಹಾಕಿಸಿಕೊಂಡಳು. ಸೆಕೆಗೆ ಬೆವರು ಬಂದು ಸೀರೆಯ ಬಣ್ಣ ಅವಳ ಕುತ್ತಿಗೆಗೂ ಬಿಳಿ ರವಿಕೆಯ ತೋಳಿಗೂ ಹತ್ತಿಕೊಂಡಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಅತ್ತೆ ಮಜ್ಜಿಗೆ ತಂದಾಗ, "ನಮ್ ಕೂಸ್ಗೂ ಇಂಥದೇ ಕೊಟ್ರಲ್ಲ ಅನ್ಕಂಡಿದ್ದೆ. ಅದು ಬ್ಯಾರೆ ಅಂತ ಇವತ್ತು ಗೊತ್ತಾಯ್ತು. ಅದ ಯೋಳಕ್ಕೆ ಇಷ್ಟ್ ದಿನ ಬೇಕಾಗಿತ್ತ ನಿಮ್ಗೆ?" ಎಂದಳು.

"ಅವತ್ತು ಯೋಳಿದ್ರೆ ನೀವ್ ಕೇಳ್ತಿದ್ರ?" ಎಂದರು ಅತ್ತೆ.

"ಕೇಳ್ತಿರ್ಲಿಲ್ಲ."

"ಮತ್ತೆ?"

"ಮತ್ತೆ ಏನು? ಕೇಳ್ತಿರ್ಲಿಲ್ಲ, ಅಷ್ಟೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಪಂಕ್ತಿಯಲ್ಲಿ ಎಲ್ಲರೂ ಕೈ ನಿಲ್ಲಿಸಿದ್ದರು. ನಾನು ಇನ್ನೂ ಮಣೆಯ ಮೇಲೇ ಇದ್ದೆ, ನನ್ನನ್ನು ಎಬ್ಬಿಸಲು ಯಾರಿಗೂ ನೆನಪಾಗಿರಲಿಲ್ಲ. ಗೋಡೆ ಹಿಡಿದು ನಾನೇ ಎದ್ದೆ. ಬಳೆಗಳ ಸದ್ದಿಗೆ ಎಲ್ಲರೂ ಇತ್ತ ತಿರುಗಿದರು.

"ನಂಗೆ ಹಸಿರು ಸೀರೆ ಇಷ್ಟನಾ ಅಂತ ನಿಮ್ಮಿಬ್ರಲ್ಲಿ ಯಾರಾರ ಒಬ್ರು ಕೇಳಿದ್ರ?" ಎಂದೆ.

ಅತ್ತೆ ಮಜ್ಜಿಗೆಯ ಪಾತ್ರೆಯನ್ನು ಕೆಳಗಿಟ್ಟರು.

"ಇಷ್ಟ ಇಲ್ಲ. ಅವತ್ತೂ ಇರ್ಲಿಲ್ಲ."

ಇದು ನಿಜ. ಹಸಿರು ನನ್ನ ಮೈಬಣ್ಣಕ್ಕೆ ಆಗುವುದಿಲ್ಲ. ರೇಷ್ಮೆಯೋ ಅಲ್ಲವೋ ಎಂದು ಎರಡು ಊರಿನವರೂ ಹುಡುಕಿದ್ದರು. ಈ ಒಂದು ವಿಷಯ ನನ್ನನ್ನು ಕೇಳಿದ್ದರೆ ಸಿಗುತ್ತಿತ್ತು. ನಾನು ಕೋಣೆಗೆ ಹೋಗಿ ಮಲಗಿದೆ. ಆಚೆ ಅವ್ವ ಅಳುವುದು ಕೇಳಿಸಿತು. ಎದ್ದು ಹೋಗಲಿಲ್ಲ.

ದೊಡ್ಡವ್ವ ಅದೇ ಸೀರೆಯಲ್ಲಿ ಬಸ್‌ಸ್ಟ್ಯಾಂಡಿನವರೆಗೆ ನಡೆದುಹೋದಳಂತೆ. ತೆರಕಣಾಂಬಿಯ ಹತ್ತಿರ ಬಸ್ಸಿನ ಸೀಟಿನ ಮೊಳೆಗೆ ಸಿಕ್ಕಿ ಅಂಚು ಹರಿಯಿತು ಎಂದು ಅವ್ವ ಹೇಳಿದಳು. ಹೊಲಿಸಿಕೊಂಡು ಆಮೇಲೂ ಉಟ್ಟಳು. ಅತ್ತೆ ಬರುವ ಮದುವೆ ಮುಂಜಿಗಳನ್ನು ವಿಚಾರಿಸಿಕೊಂಡು ಅಲ್ಲಿಗೆ ಅದನ್ನೇ ಉಟ್ಟು ಹೋಗುತ್ತಿದ್ದಳು. ಅತ್ತೆ ಅವಳನ್ನು ದೂರದಿಂದ ನೋಡಿದರೆ ಊಟ ಬಿಟ್ಟು ಎದ್ದುಬರುತ್ತಿದ್ದರು. ಇತ್ತ ನನ್ನ ಗಂಡನ ಫೋನಿಗೆ ತಿಂಗಳುಗಟ್ಟಲೆ ಹಸಿರು ಸೀರೆಗಳು ಬಂದವು. ಸುದ್ದಿ ಓದಲು ಹೋದರೆ ಹಸಿರು ಸೀರೆ, ಕ್ರಿಕೆಟ್ ನೋಡಲು ಹೋದರೆ ಹಸಿರು ಸೀರೆ. ನೋಡಲಿ ಎಂದು ನಾನು ಸುಮ್ಮನಿದ್ದೆ.

ಹೆರಿಗೆಗೆ ಗುಂಡ್ಲುಪೇಟೆಗೆ ಬಂದೆ. ಹೆಣ್ಣು ಮಗು. ಬಾಣಂತಿಯ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದರೂ ಎರಡು ಕಡೆಯ ಫೋನು ನನ್ನನ್ನು ಬಿಡಲಿಲ್ಲ. ಈ ಸಲ ತೊಟ್ಟಿಲು. ದೊಡ್ಡವ್ವ ಒಂದು ತೊಟ್ಟಿಲು ಹುಡುಕಿ ಅದರ ಚಿತ್ರ ಕಳಿಸಿದಳು. ಅವ್ವ ಅದನ್ನು ಬೀಗರಿಗೆ ಕಳಿಸಿದ್ದೇ ತಡ, ಅತ್ತೆಯ ಕರೆ ಬಂತು. ಆ ತೊಟ್ಟಿಲ ಸರಳಿನಲ್ಲಿ ಯಾರದೋ ಮಗುವಿನ ಬೆರಳು ಸಿಕ್ಕಿಕೊಂಡಿತ್ತು ಎಂದು ಯಾರೋ ಬರೆದಿದ್ದಾರೆ, ತಮ್ಮ ಮನೆಯ ಕೂಸು ಅದರಲ್ಲಿ ಮಲಗುವುದಿಲ್ಲ, ಎಂದರು. ಅವರು ಇನ್ನೊಂದು ಹುಡುಕಿದರು. ದೊಡ್ಡವ್ವ ಅದಕ್ಕೂ ಒಂದು ನಕ್ಷತ್ರದವನನ್ನು ಹುಡುಕಿ ತಂದಳು. ಅವಳಿಗೂ ಈಗ ಆ ವಿದ್ಯೆ ಹತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಮಾತನಾಡುವುದಿಲ್ಲ. ಅವಳ ಮಾತನ್ನು ಇವರಿಗೆ, ಇವರ ಮಾತನ್ನು ಅವಳಿಗೆ ಹಾಲೂಡಿಸುತ್ತ ನಾನು ದಾಟಿಸಬೇಕು.

ಒಂದು ಬೆಳಿಗ್ಗೆ ಮಗು ಬಿಡದೆ ಅಳುತ್ತಿತ್ತು. ಅದರ ಮಧ್ಯೆ ಫೋನು ಬಡಿದುಕೊಂಡಿತು. ನಾನು ಎರಡೂ ಮನೆಗೆ ಒಂದೇ ಮಾತು ಹೇಳಿಕಳಿಸಿದೆ: ಈ ಮಗುವಿಗೆ ಯಾರೂ ಏನೂ ಕೊಳ್ಳುವುದು ಬೇಡ. ತೊಟ್ಟಿಲು ಬೇಡ, ಬಟ್ಟೆ ಬೇಡ, ಬಳೆ ಬೇಡ. ಮಗು ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಮಲಗುತ್ತದೆ. ಹೆಸರಿಡುವ ದಿನ ಬರುವವರು ಬರಿಗೈಯಲ್ಲಿ ಬನ್ನಿ, ಇಲ್ಲವಾದರೆ ಬರಬೇಡಿ.

ಅವ್ವ ಹಣೆ ಚಚ್ಚಿಕೊಂಡಳು. "ಇಂಗ್ ಯಾರಾರ ಯೋಳ್ತಾರ?"

"ನಾನ್ ಯೋಳ್ತೀನಿ."

ಹೆಸರಿಡುವ ದಿನ ಅತ್ತೆ ಬಂದರು. ನಿಜವಾಗಿಯೂ ಬರಿಗೈ. ಒಂದು ಬಾಳೆಹಣ್ಣು ಕೂಡ ಇರಲಿಲ್ಲ. ಎಲ್ಲರಿಗೂ ಕಾಣಲಿ ಎಂದು ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟು ಕೂತಿದ್ದು, ಊಟ ಮುಗಿಸಿ ಹೋದರು. ದೊಡ್ಡವ್ವ ಬರಲೇ ಇಲ್ಲ. ಅವಳ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. "ಬರಿಗೈಲಿ ಬರಕ್ಕೆ ನಾನೇನ್ ದಾರೀಲ್ ಹೋಗೋಳಾ?" ಎಂದಳಂತೆ. ಆ ಮೇಲೆ ನನ್ನನ್ನು ನೋಡಲೂ ಬರಲಿಲ್ಲ. ಅವ್ವನ ಮೂಲಕ ಕೇಳಿಸಿದ ಮಾತುಗಳು ಮಾತ್ರ ಬಂದವು.

ಐದು ತಿಂಗಳು ತುಂಬಿದ ಮೇಲೆ ಮಗುವನ್ನು ಕರೆದುಕೊಂಡು ಚಾಮರಾಜನಗರಕ್ಕೆ ಬಂದೆ. ಸೊಳ್ಳೆ ಕಾಟ. ಮಗು ಮಲಗಿದ್ದಾಗ ನಾನೇ ಫೋನಿನಲ್ಲಿ ಸೊಳ್ಳೆಪರದೆ ಹುಡುಕಿ, ಮೇಲಿನ ಸಾಲುಗಳನ್ನು ಬಿಟ್ಟು ಬಹಳ ಕೆಳಗೆ ಹೋಗಿ, ಒಂದನ್ನು ತರಿಸಿದೆ. ಚೆನ್ನಾಗಿಯೇ ಇತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಅತ್ತೆ ಪರದೆಯನ್ನು ನೋಡಿದರು, ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರು, ಎಲ್ಲಿಂದ ಬಂತು ಎಂದು ಕೇಳಲಿಲ್ಲ. ನಮ್ಮಿಬ್ಬರ ನಡುವೆ ಆಗ ಉಪ್ಪು, ಸಾರು, 'ನೀರು ಬಂತು' ಎಂಬಷ್ಟು ಮಾತು ಮಾತ್ರ ಇತ್ತು.

ಒಂದು ಮಧ್ಯಾಹ್ನ ಕೋಣೆಯಲ್ಲಿ ಮಗುವನ್ನು ಭುಜದ ಮೇಲೆ ಹಾಕಿಕೊಂಡು ತಟ್ಟುತ್ತಿದ್ದೆ. ನಡುಮನೆಯಲ್ಲಿ ಅತ್ತೆಯ ಫೋನು ಬಡಿಯಿತು. ಅವರು ಅದನ್ನು ಯಾವಾಗಲೂ ಜೋರು ದನಿಗೆ ಹಾಕಿಯೇ ಮಾತನಾಡುವುದು. ಅತ್ತಲಿನಿಂದ ಲಾರಿಯ ಸದ್ದು ಬಂತು, ಮಲಯಾಳದಲ್ಲಿ ಯಾರನ್ನೋ ಗದರಿಸುವುದು ಕೇಳಿತು, ಆಮೇಲೆ ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ದನಿ.

"ನಾನು ಕಣಕ್ಕ, ಗುಂಡ್ಲುಪೇಟೆಯಿಂದ. ನಿಮ್ ಸೊಸೆಗೆ ಎಷ್ಟ್ ಕೊಬ್ಬು ಬಂದದ ನೋಡಿ. ಎತ್ತಿ ಆಡ್ಸಿದೋಳು ನಾನು. ಕೂಸ್ಗೆ ಒಂದ್ ಕಾಲ್ಗೆಜ್ಜೆ ಕಳಿಸ್ತಿನಿ ಅಂದ್ರೆ ಅವ್ವನ ಕೈಲಿ ಬ್ಯಾಡ ಅನ್ಸವ್ಳೆ."

ಅತ್ತೆ ಫೋನು ಕಟ್ ಮಾಡುತ್ತಾರೆ ಎಂದು ನಾನು ಕಾದೆ. ಮಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.

"ಇಲ್ಲೂ ಅಂಗೇ ಕಣಕ್ಕ," ಎಂದರು. "ಒಂದ್ ಮಾತ್ ಕೇಳಕಿಲ್ಲ. ಮನೆ ತುಂಬಾ ಅವ್ಳ್ದೇ ದರ್ಬಾರು."

"ನಮ್ಮವ್ವನ್ ಕಾಲ್ದಲ್ಲಿ ಇಂಗಿತ್ತಾ?"

"ಎಲ್ಲಿತ್ತು ಬುಡಿ."

ಬಹಳ ಹೊತ್ತು ಮಾತನಾಡಿದರು. ಸೀರೆಯ ಸುದ್ದಿ ಇಬ್ಬರೂ ಎತ್ತಲಿಲ್ಲ. ನನ್ನ ಬಗ್ಗೆಯೇ ಮಾತು ಬೇಕಾದಷ್ಟಿತ್ತು. ಮಗು ಭುಜದ ಮೇಲೆ ನಿದ್ದೆ ಹೋಯಿತು. ನಾನು ಕೋಣೆಯ ಬಾಗಿಲನ್ನು ಜೋರಾಗಿ ಎಳೆದು ಹಾಕಿಕೊಂಡೆ.

"ಕೇಳುಸ್ತಾ?" ಎಂದರು ಅತ್ತೆ, ಫೋನಿನೊಳಕ್ಕೆ.